ಆಯಿ ಹೇಳಿದ ವಾಯು

ಮೊನ್ನೆ ಕಾಕಾನ ಮಗ ರಜೆ ಮೇಲೆ ಬಂದ. ಸಮುದ್ರದೊಳಗೆ ಇಳಿದು ಪೈಪು ರಿಪೇರಿ ಮಾಡುವ ಡೈವರ್ ಅವನು. ಈಜು ಕಲಿತಿದ್ದು ಮಾತ್ರ ಮುದ್ದೇಬಿಹಾಳದ ನಮ್ಮ ಹೊಲದ ಬಾವಿಯಲ್ಲಿ! ಇಂಡಿಯಲ್ಲಿ ಅವನನ್ನು ಹತ್ತಿಸಿಕೊಂಡು, ಸಿಂದಗಿಯಲ್ಲಿ ತಂಗಿಯನ್ನು ಕರೆದುಕೊಂಡು, ಬಸವನಬಾಗೇವಾಡಿ ಹಾಯ್ದು ಊರು ಸೇರುವಷ್ಟರಲ್ಲಿ ಸಂಜೆ. ದಾರಿಯುದ್ದಕ್ಕೂ ಬಲಭುಜ ಒತ್ತಿಕೊಳ್ಳುತ್ತಲೇ ಇದ್ದ.

ಆಯಿ ನೋಡಿದ್ದೇ ತಡ, "ವಾಯು ಹಿಡದೈತಿ ತಗೋ" ಅಂತ ಔಡಲೆಣ್ಣೆ ಬಿಸಿಗಿಟ್ಟಳು.

"ಖರೇನ ವಾಯುನ ಆಯಿ, ನೈಟ್ರೋಜನ್ನು" ಅಂತ ನಕ್ಕ ಅವನು.

ರಾತ್ರಿ ಮಾಳಿಗೆ ಮೇಲೆ ಮಲಗಿದಾಗ ಬಿಡಿಸಿ ಹೇಳಿದ. 30 ಮೀಟರ್ ಕೆಳಗೆ ಒತ್ತಡ ಇಲ್ಲಿಯ ನಾಲ್ಕು ಪಟ್ಟು. ಅಷ್ಟೇ ಒತ್ತಡದ ಗಾಳಿ ಉಸಿರಾಡಬೇಕು, ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತಾ ಹೋಗುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ, ಇಂಡಿಯಲ್ಲಿ ಕುಡಿದ ನಿಂಬೆ ಸೋಡಾದ ಬಾಟ್ಲಿ ತೆರೆದಂತೆ ಗುಳ್ಳೆ! (ಬಾವಿಯಲ್ಲಿ ನಮಗೇನೂ ಆಗಲಿಲ್ಲ, ಯಾಕೆಂದರೆ ಒಂದೇ ಉಸಿರು ಹಿಡಿದು ಮುಳುಗಿ ಏಳುತ್ತಿದ್ದೆವು.)

ಗುಳ್ಳೆ ದಾರಿಗೆ ಅಡ್ಡ ನಿಲ್ಲುತ್ತದೆ, ಅಷ್ಟೇ ಅಂದುಕೊಂಡಿದ್ದೆ. ಅಲ್ಲವಂತೆ. ರಕ್ತಕ್ಕೆ ಅದು ಪರಕೀಯ ವಸ್ತು. ಗಾಯವಾದಾಗ ಓಡಿ ಬರುವ ಪ್ಲೇಟ್‌ಲೆಟ್‌ಗಳು ಗುಳ್ಳೆಗೆ ಅಂಟಿಕೊಂಡು ಹೆಪ್ಪುಗಟ್ಟಲು ಶುರುಮಾಡುತ್ತವೆ. ರಕ್ತನಾಳದ ಒಳಪದರ ಕೆಟ್ಟು ನೀರಿನಂಶ ಹೊರಗೆ ಸೋರಿ, ರಕ್ತ ಮಂದವಾಗುತ್ತದೆ. ಗುಳ್ಳೆ ಕರಗಿದ ಮೇಲೂ ಈ ರಗಳೆ ನಿಲ್ಲುವುದಿಲ್ಲ.

1908ರಲ್ಲೇ ಹಾಲ್ಡೇನ್ ಎಂಬ ವಿಜ್ಞಾನಿ ಆಡುಗಳ ಮೇಲೆ ಪ್ರಯೋಗ ಮಾಡಿ, ಹಂತ ಹಂತವಾಗಿ ನಿಂತು ಮೇಲೆ ಬರುವ ಲೆಕ್ಕ ಕೊಟ್ಟಿದ್ದ. ನಮ್ಮವನಿಗೆ ಅದು ಬಾಯಿಪಾಠ. ಆದರೂ ಆ ದಿನ ಅವಸರ ಮಾಡಿದ. ರಾತ್ರಿ ಭುಜ ನೋಯತೊಡಗಿದರೂ ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಬೆಳಿಗ್ಗೆ ಬೆರಳು ಜೋಮು ಹಿಡಿದಾಗ ಹೇಳಿದ. ಚೇಂಬರಿನಲ್ಲಿ ಕೂಡಿಸಿ, ಮತ್ತೆ 18 ಮೀಟರ್ ಆಳದಷ್ಟು ಒತ್ತಡಕ್ಕೆ ಒಯ್ದು, ಶುದ್ಧ ಆಕ್ಸಿಜನ್ ಕೊಟ್ಟು ನೈಟ್ರೋಜನ್ ಹೊರಹಾಕಿಸಿದರಂತೆ.

"ರಾತ್ರಿನ ಹೇಳಿದ್ರ ಇಷ್ಟ ಆಗ್ತಿದ್ದಿಲ್ಲ ಅಣ್ಣಾ" ಅಂದ. ನನಗೆ ಬೈಯಲೂ ಮನಸ್ಸಾಗಲಿಲ್ಲ.

ಡೈವರುಗಳಿಗೆ ಭುಜದ ಎಲುಬು ರಕ್ತ ಸಿಗದೆ ಸಾಯುವುದೂ ಉಂಟು. ಅದಕ್ಕೇ ಎಂಆರ್‌ಐ ಮಾಡಿಸಲು ಹೇಳಿದ್ದಾರೆ. ಹಾಗೇನಾದರೂ ಆಗಿದ್ದರೆ ಡೈವಿಂಗ್ ಬಂದ್. ಮನೆ ಸಾಲ ಇನ್ನೂ ಆರು ವರ್ಷ ಇದೆ.

ಸೋಮವಾರ ವಿಜಯಪುರಕ್ಕೆ ನಾನೇ ಕರೆದೊಯ್ಯುತ್ತಿದ್ದೇನೆ. ಆಯಿಗೆ ಹೇಳಿಲ್ಲ. ಅವಳು ದಿನಾ ಎಣ್ಣೆ ತಿಕ್ಕುತ್ತಿದ್ದಾಳೆ, ಇವನು ಸುಮ್ಮನೆ ಕೂತು ತಿಕ್ಕಿಸಿಕೊಳ್ಳುತ್ತಿದ್ದಾನೆ.