ನಯಾಗರಾ ನೋಡಿದ ಮೇಲೆ ಲಾಕ್‌ಪೋರ್ಟ್‌ಗೂ ಹೋಗಿಬನ್ನಿ

ಊರಿನಿಂದ ಅಪ್ಪ-ಅಮ್ಮ ಬಂದಾಗ ನಯಾಗರಾಕ್ಕೆ ಕರೆದೊಯ್ಯದ ಅಮೆರಿಕನ್ನಡಿಗರು ಕಡಿಮೆ. ಮುಂದಿನ ಸಲ ಹೋದಾಗ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಜಲಪಾತದಿಂದ ಕಾರಿನಲ್ಲಿ ಸುಮಾರು ಅರ್ಧ ಗಂಟೆ ಹೋದರೆ ಲಾಕ್‌ಪೋರ್ಟ್ ಎಂಬ ಸಣ್ಣ ಊರು ಸಿಗುತ್ತದೆ. ಮಕ್ಕಳು ಶಾಲೆಯಲ್ಲಿ ಓದುವ ಈರಿ ಕಾಲುವೆಯನ್ನು ಅಲ್ಲಿ ಕಣ್ಣಾರೆ ನೋಡಬಹುದು.

ನಯಾಗರಾ ನದಿ ಧುಮುಕುವ ಬಂಡೆಯ ಸಾಲು ಇಲ್ಲಿಯವರೆಗೂ ಹಬ್ಬಿದೆ. ಹಡ್ಸನ್ ನದಿಯ ಆಲ್ಬನಿಯಿಂದ ಈರಿ ಸರೋವರದ ಬಫಲೋವರೆಗೆ 363 ಮೈಲಿ ಕಾಲುವೆ ತೋಡಿದವರು ಇದನ್ನು ಹತ್ತಲೇಬೇಕಿತ್ತು. ಕೆಲಸ 1817ರಲ್ಲಿ ಶುರುವಾಗಿ 1825ರಲ್ಲಿ ಮುಗಿಯಿತು. ಕಾಲುವೆಯ ಅಗಲ 40 ಅಡಿ, ಆಳ ಬರೀ 4 ಅಡಿ. ಬಂಡೆ ಹತ್ತಲು ಒಂದರ ಮೇಲೊಂದು ಐದು ಲಾಕ್ ಕಟ್ಟಿದರು, ನೀರಿನ ಮೆಟ್ಟಿಲುಗಳ ಹಾಗೆ. ಹಳೆಯ ಮೆಟ್ಟಿಲುಗಳ ಒಂದು ಸಾಲು ಈಗಲೂ ಇದೆ.

"ನೀರು ಮೇಲೆ ಹೇಗೆ ಹತ್ತುತ್ತೆ?" ಎಂದು ಮಗಳು ನನ್ನನ್ನು ಕೇಳಿದ್ದಳು. ನೀರು ಹತ್ತುವುದಿಲ್ಲ, ದೋಣಿ ಹತ್ತುತ್ತದೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಹಾಕಿ, ಮೇಲಿನ ನೀರನ್ನು ಒಳಗೆ ಬಿಡುತ್ತಾರೆ. ತೊಟ್ಟಿ ತುಂಬುತ್ತಿದ್ದಂತೆ ದೋಣಿ ಏಳುತ್ತದೆ. ಪಂಪ್ ಬೇಡ. ಕೆರೆಯ ತೂಬು ನೋಡಿ ಬೆಳೆದ ಅಜ್ಜ ಜೊತೆಗಿದ್ದರೆ ವಿವರಣೆ ಅವರಿಗೇ ಬಿಡಿ. ತೂಬು, ಕಟ್ಟೆ, ಮಟ್ಟ, ಹೇಸರಗತ್ತೆ ಎಂಬ ಪದಗಳು ಮಕ್ಕಳ ಕಿವಿಗೆ ಬೀಳಲಿ. ಆಗ ಕನ್ನಡ ಊಟ-ತಿಂಡಿಯ ಮಾತಿಗಷ್ಟೇ ನಿಲ್ಲುವುದಿಲ್ಲ.

ಕಾಲುವೆ ಬರುವ ಮೊದಲು ಬಫಲೋದಿಂದ ನ್ಯೂಯಾರ್ಕ್‌ಗೆ ಒಂದು ಟನ್ ಸರಕು ಸಾಗಿಸಲು ಸುಮಾರು 100 ಡಾಲರ್ ಬೇಕಿತ್ತು. ಬಂದ ಮೇಲೆ ಅದು 10 ಡಾಲರ್‌ಗೂ ಕೆಳಗಿಳಿಯಿತು. ಒಳನಾಡಿನ ರೈತನ ಗೋಧಿಗೆ ದೂರದ ಪೇಟೆ ಸಿಕ್ಕಿತು. ರೋಚೆಸ್ಟರ್‌ನ ಜಲಪಾತದ ಬಲದಿಂದ ಹಿಟ್ಟಿನ ಗಿರಣಿಗಳು ತಿರುಗಿ, ಆ ಊರಿಗೆ 'ಹಿಟ್ಟಿನ ನಗರ' ಎಂದೇ ಹೆಸರಾಯಿತು. ಬೆಳೆ ಹೆಚ್ಚಿದಂತೆ ಕೊಯ್ಲಿಗೆ ಕೈಗಳು ಸಾಲಲಿಲ್ಲ. ಇದೇ ಕಾಲುವೆಯ ದಂಡೆಯ ಬ್ರಾಕ್‌ಪೋರ್ಟ್‌ನಲ್ಲಿ 1846ರಲ್ಲಿ ಮೆಕಾರ್ಮಿಕ್ ಕೊಯ್ಲು ಯಂತ್ರಗಳು ತಯಾರಾದವು. ಸಾಗಣೆ, ಕೃಷಿ, ಕೈಗಾರಿಕೆ ಒಂದನ್ನೊಂದು ಎಳೆದುಕೊಂಡು ಬೆಳೆದದ್ದು ಹೀಗೆ.

ಇದರ ಬೆಲೆ ತೆತ್ತವರ ಕಥೆಯನ್ನೂ ಮಕ್ಕಳಿಗೆ ಹೇಳಿ. ಇಲ್ಲಿನ ಬಂಡೆಯನ್ನು ಸಿಡಿಮದ್ದಿಟ್ಟು ಒಡೆದವರಲ್ಲಿ ಐರ್ಲೆಂಡಿನಿಂದ ಬಂದ ವಲಸಿಗರು ಬಹಳ. ದಂಡೆಯ ಮೇಲೆ ದೋಣಿ ಎಳೆಯುವ ಹೇಸರಗತ್ತೆಗಳನ್ನು ನಡೆಸುತ್ತಿದ್ದವರಲ್ಲಿ ಅನೇಕರು ಎಳೆಯ ಹುಡುಗರು. ಕಾಲುವೆ ಹಾದುಹೋದ ನೆಲ ಹೌಡೆನೊಸೌನಿ ಮೂಲನಿವಾಸಿಗಳದು. ವಲಸೆ ಹೆಚ್ಚಿದಂತೆ ಅವರ ನೆಲ ಕರಗುತ್ತ ಹೋಯಿತು. "ಒಳ್ಳೇದಾಯ್ತಾ, ಕೆಟ್ಟದಾಯ್ತಾ?" ಎಂದು ಮಕ್ಕಳು ಕೇಳಿದರೆ ಉತ್ತರಕ್ಕೆ ಅವಸರ ಬೇಡ. ಯಾರಿಗೆ ಏನಾಯಿತು ಎಂದು ಒಬ್ಬೊಬ್ಬರ ಲೆಕ್ಕ ಹಾಕಿ, ಕನ್ನಡದಲ್ಲೇ ಹಾಕಿ.

ಬೇಸಿಗೆಯಲ್ಲಿ ಹೋದರೆ ದೋಣಿ ಹತ್ತಿ ಲಾಕ್ ದಾಟಬಹುದು. ಚಳಿಗಾಲದಲ್ಲಿ ಕಾಲುವೆ ಮುಚ್ಚಿರುತ್ತದೆ. ಮೆಟ್ಟಿಲುಗಳ ಬಳಿ ಹಿಂದಿನ ಕಾಲದ ಲಾಕ್ ಕೆಲಸಗಾರರ ಕಂಚಿನ ಪ್ರತಿಮೆಗಳಿವೆ; ಮಕ್ಕಳು ಅವುಗಳ ಪಕ್ಕ ಕೂತು ಬುತ್ತಿ ಬಿಚ್ಚಲಿ.