ಕೆರೆಯಂಗಳ ಬಿಟ್ಟುಕೊಟ್ಟ ವರ್ಷ

ನಾವೆಲ್ಲ ಕೆರೆಯಂಗಳದಲ್ಲಿ ರಾಗಿ ಪೈರು ನೋಡಿಕೊಂಡೇ ಬೆಳೆದವರು. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ನಮ್ಮೂರು. ಮಳೆ ಕೈಕೊಟ್ಟು ಕೆರೆ ಬತ್ತಿದಾಗ ಯಾರೋ ಹುರುಳಿ ಚೆಲ್ಲಿದರು, ಮರುವರ್ಷ ಇನ್ಯಾರೋ ಬದು ಹಾಕಿದರು. ಗೋಡು ಮಣ್ಣು, ಗೊಬ್ಬರವೇ ಬೇಡ. ಬರುಬರುತ್ತಾ ಅದು ಕೆರೆಯೆಂಬುದು ದಾಖಲೆಯಲ್ಲಷ್ಟೇ ಉಳಿಯಿತು. ನಮ್ಮ ಚಿಕ್ಕಪ್ಪನದೂ ಅಲ್ಲೊಂದು ತುಂಡಿತ್ತು.

ಕೆರೆ ಸಂರಕ್ಷಣೆಗೆಂದೇ 2014ರ ಕಾಯ್ದೆ ಬಂದಮೇಲೆ ಒತ್ತುವರಿ ಬಿಡಿಸುವ ಮಾತು ಜೋರಾಯಿತು. ಸರ್ವೆಯವರು ಬಂದು ಅಳೆದ ದಿನ ರಾಗಿ ತೆನೆ ಇನ್ನೂ ಹಾಲುಗಾಳು. ಅದರ ನಡುವೆಯೇ ಕಲ್ಲು ನೆಡಬೇಕು. ಚಿಕ್ಕಪ್ಪ ಊರ ಯಜಮಾನರ ಮುಂದೆ ನಿಂತು, "ಕೆರೆ ತುಂಬ್ಲಿ ಕಣಣ್ಣ, ನಮ್ ಹೊಟ್ಟೆ ಗತಿ ಏನು?" ಅಂದರು.

"ಈ ಕುಯ್ಲು ಮುಗಿಸ್ಕೊ. ಆಮೇಲೆ ಬುಟ್ಬುಡು."

ಕುಯ್ಲು ಮುಗಿಯಿತು. ಬದು ಒಡೆಯಲು ಚಿಕ್ಕಪ್ಪ ಆಳು ಕರೆಯಲಿಲ್ಲ, ತಾವೇ ಗುದ್ದಲಿ ಹಿಡಿದರು. ಹೆಂಟೆ ಎದ್ದಂತೆಲ್ಲ ಒಳಗೆ ಬಸವನಹುಳುವಿನ ಚಿಪ್ಪುಗಳು, ಸುಣ್ಣದಷ್ಟು ಬಿಳಿ. ಒಂದನ್ನೆತ್ತಿ ಉಜ್ಜಿ ನೋಡಿ, ಏನೂ ಹೇಳದೆ ಮತ್ತೆ ಅಗೆದರು. ಬೇಸಿಗೆಯಲ್ಲಿ ಊರೆಲ್ಲ ಸೇರಿ ಗೋಡು ಹೊಡೆದೆವು, ತೂಬು ಸರಿಮಾಡಿದೆವು, ನೀರು ಬರುವ ಹಳ್ಳದ ಕಳೆ ಕಿತ್ತೆವು. ಮುಂದಿನ ಮಳೆಗೆ ಕೆರೆ ತುಂಬಿತು.

ಮೊದಲು ಬಂದದ್ದು ಬೆಳ್ಳಕ್ಕಿ, ನೀರುಕೋಳಿ. ಹೆಬ್ಬಾತು ಆ ಚಳಿಗಾಲ ಬರಲಿಲ್ಲ. ಹತ್ತಿರದ ಹದಿನಾರು ಎಂಬ ಊರಿನ ಕೆರೆಗೆ ಅವು ಬರುವುದು ಹಕ್ಕಿ ನೋಡುವವರಿಗೆಲ್ಲ ಗೊತ್ತು; ನಮ್ಮಲ್ಲಿಗೆ ಇಳಿದದ್ದು ಮರುವರ್ಷ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿ. ಮೈಸೂರಿನಿಂದ ಬಂದಿದ್ದ ಹುಡುಗನೊಬ್ಬ ದೂರದರ್ಶಕ ಹೂಡಿ ಚಿಕ್ಕಪ್ಪನನ್ನು ಕರೆದ. ಒಂದು ಹೆಬ್ಬಾತಿನ ಕೊರಳಲ್ಲಿ ಹಸಿರು ಪಟ್ಟಿ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಗುರುತಿಗೆ ಹಾಕಿ ಬಿಟ್ಟದ್ದಂತೆ.

ಚಿಕ್ಕಪ್ಪ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ, "ಹಗಲೆಲ್ಲ ನಿನ್ ಕೆರೇಲಿ ಮಲಗ್ತವೆ, ರಾತ್ರಿ ನನ್ ಗದ್ದೇಲಿ ಮೇಯ್ತವೆ ಕಣಪ್ಪ" ಅಂದರು. ಸುಳ್ಳಲ್ಲ. ಕತ್ತಲಾದರೆ ಹಿಂಡುಹಿಂಡಾಗಿ ಪೈರಿಗೆ ಇಳಿಯುತ್ತವೆ.

ನೋಡಲು ಬರುವವರು ಫೋಟೊ ತೆಗೆದು ಹೊರಟುಬಿಡುತ್ತಾರೆ. ನೆಲ ಬಿಟ್ಟವರ ಲೆಕ್ಕ ಯಾರೂ ಕೇಳುವುದಿಲ್ಲ, ಅದು ನನಗೆ ಇಂದಿಗೂ ನೋವು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಗೂಡು ಕಟ್ಟುವ ಹುಣಸೆ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡಿದೆ. ಮರಕ್ಕೆ ಸಿಗುವುದಾದರೆ ಪೈರಿಗೇಕಿಲ್ಲ? ಆ ಸಲದ ಗ್ರಾಮಸಭೆಯಲ್ಲಿ ಚಿಕ್ಕಪ್ಪ ಎದ್ದು ನಿಂತು ಕೇಳಿದ್ದೂ ಇದನ್ನೇ.