ಸುಂಕದ ಕಟ್ಟೆಯಲ್ಲಿ

ಚಿತ್ರಶಿಲ್ಪಾದಿ ಕಲೆಗಳ ವಿಷಯವಾಗಿ ಲೇಖನಿಯನ್ನು ಹಿಡಿಯುವ ಅಧಿಕಾರವು ನನಗಿಲ್ಲವೆಂಬುದನ್ನು ವಾಚಕರಲ್ಲಿ ಮೊದಲೇ ವಿಜ್ಞಾಪಿಸಿಕೊಳ್ಳುತ್ತೇನೆ. ಬಾಲ್ಯದಲ್ಲಿ ಪಾಠಶಾಲೆಯ ಜಗುಲಿಯ ಮೇಲೆ ಕುಳಿತು ಅಮರಕೋಶ, ಶಬ್ದರೂಪಾವಳಿಗಳಿಂದ ತೊಡಗಿ ಅಲಂಕಾರಶಾಸ್ತ್ರದವರೆಗೆ ಓದಿದೆನು. ಅನಂತರ ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಸಂಸ್ಕೃತಗಳನ್ನು ಹೇಳಿಕೊಟ್ಟು ೨೦೧೭ರಲ್ಲಿ ವಿಶ್ರಾಂತನಾದೆನು. ಇಷ್ಟು ಕಾಲದಲ್ಲಿ ಚಿತ್ರವೆಂದರೆ ನನಗೆ ಗೊತ್ತಿದ್ದುದು ಗೋಡೆಯ ಮೇಲಿನ ಕ್ಯಾಲೆಂಡರಿನ ದೇವರುಗಳು ಮತ್ತು ಕಾವ್ಯಪ್ರಕಾಶದ ಚಿತ್ರಕಾವ್ಯ, ಇವೆರಡೇ. ಆದರೂ ಈ ಲೇಖನವನ್ನು ಬರೆಯಲು ಕಾರಣಳಾದವಳು ನನ್ನ ಮಗಳು.

ಅವಳು ಇಟಲಿ ದೇಶದ ಮಿಲಾನ್ ನಗರದಲ್ಲಿ ಇಂಜಿನಿಯರಳಾಗಿದ್ದಾಳೆ. ನಾನು ವಿಶ್ರಾಂತನಾದ ವರ್ಷವೇ ಶರತ್ಕಾಲದಲ್ಲಿ ಹಟಮಾಡಿ ನನ್ನನ್ನು ಕರೆಯಿಸಿಕೊಂಡಳು. ಹೋದ ನಾಲ್ಕನೆಯ ದಿನ ರಾತ್ರಿ ಊಟವಾದ ಮೇಲೆ, “ಅಪ್ಪಯ್ಯಾ, ನಾಳೆ ವೆನಿಸಿಗೆ ಹೋಗೋಣ. ಅಲ್ಲಿಯ ಸುಂಕದ ಕಟ್ಟೆಯನ್ನು ನೀವು ನೋಡಬೇಕು” ಎಂದಳು. ಅಷ್ಟು ದೂರ ಹೋಗಿ ನೋಡತಕ್ಕದ್ದು ಸುಂಕದ ಕಟ್ಟೆಯೇ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ನಮ್ಮ ಗಾದೆಯನ್ನು ಹೇಳಿ ನಾನು ನಕ್ಕೆನು. ಅವಳು ನಗಲಿಲ್ಲ. “ಅಲ್ಲಿ ಈಗ ಸುಂಕವಿಲ್ಲ, ಶಿಲ್ಪಗಳಿವೆ” ಎಂದಷ್ಟೇ ಹೇಳಿದಳು.

ರೈಲಿನಲ್ಲಿ ಎರಡೂವರೆ ಗಂಟೆಯ ಪ್ರಯಾಣ. ವೆನಿಸಿನ ನಿಲ್ದಾಣದ ಮೆಟ್ಟಿಲನ್ನು ಇಳಿದರೆ ಎದುರಿಗೆ ಇರುವುದು ಬೀದಿಯಲ್ಲ, ನೀರು. ನಾವು ಬಸ್ಸನ್ನು ಹತ್ತುವಂತೆ ಅಲ್ಲಿಯ ಜನರು ದೋಣಿಯನ್ನು ಹತ್ತುತ್ತಾರೆ. ಮಹಾಕಾಲುವೆಯ ಇಕ್ಕೆಲದ ಸೌಧಗಳನ್ನು ಬಲ್ಲವರು ಬೇಕಾದಷ್ಟು ವರ್ಣಿಸಿದ್ದಾರೆ. ನಾನು ಆ ಗೊಡವೆಗೆ ಹೋಗುವುದಿಲ್ಲ. ಕಾಲುವೆಯು ಮುಗಿದು ನೀರು ಕಡಲಿನಂತೆ ಹರಡುವಲ್ಲಿ ಬಲಗಡೆಯ ನೆಲವು ಬಾಣದ ಮೊನೆಯ ಹಾಗೆ ಚೂಪಾಗಿ ಮುಂದಕ್ಕೆ ಚಾಚಿದೆ. ಒಂದು ಬದಿಗೆ ಮಹಾಕಾಲುವೆ, ಇನ್ನೊಂದು ಬದಿಗೆ ಜುದೆಕ್ಕಾ ಕಾಲುವೆ. ಆ ಮೊನೆಯ ಮೇಲಿರುವುದೇ ಕಡಲ ಸುಂಕದ ಮನೆ. ಅವರ ನುಡಿಯಲ್ಲಿ ‘ಪುಂತಾ ದೆಲ್ಲಾ ದೊಗಾನಾ’ ಎನ್ನುತ್ತಾರೆ. ಸುಂಕದ ಮೊನೆಯೆಂದೇ ಅರ್ಥ. ಅದರ ಹಿಂದುಗಡೆಗೆ ಸಲೂತೆ ಎಂಬ ದೊಡ್ಡ ಇಗರ್ಜಿಯ ಗುಮ್ಮಟವು ಕಾಣುತ್ತದೆ. ೧೬೩೦ರ ಮಹಾಮಾರಿಯಲ್ಲಿ ಹೊತ್ತ ಹರಕೆಯನ್ನು ಸಲ್ಲಿಸಲು ಕಟ್ಟಿಸಿದುದಂತೆ. ಮಾರಿಗೆ ಹರಕೆ ಹೊರುವುದು ನಮ್ಮಲ್ಲಿ ಮಾತ್ರವೆಂದು ನಾನು ತಿಳಿದಿದ್ದೆನು.

ಈ ಸ್ಥಳದಲ್ಲಿ ಹದಿನೈದನೆಯ ಶತಮಾನದಿಂದಲೂ ಸುಂಕವನ್ನು ಎತ್ತುತ್ತಿದ್ದರು. ಈಗಿರುವ ಕಟ್ಟಡದ ಮುಂಭಾಗವನ್ನು ಜುಸೆಪ್ಪೆ ಬೆನೋನಿ ಎಂಬ ಶಿಲ್ಪಿಯು ೧೬೭೭ರಿಂದ ೧೬೮೨ರವರೆಗೆ ಕಟ್ಟಿದನು. ಮೊನೆಯ ಗೋಪುರದ ಮೇಲೆ ಕಂಚಿನ ದೈತ್ಯರಿಬ್ಬರು ಬಂಗಾರದ ಗೋಳವೊಂದನ್ನು ಹೊತ್ತಿದ್ದಾರೆ. ಗೋಳದ ಮೇಲೆ ಭಾಗ್ಯದೇವತೆಯು ನಿಂತಿದ್ದಾಳೆ. ಗಾಳಿಯು ಬೀಸಿದಂತೆ ಆಕೆ ತಿರುಗುತ್ತಾಳೆ. ಲಕ್ಷ್ಮಿಯು ಚಂಚಲೆಯೆಂದು ನಮ್ಮ ಕವಿಗಳು ಮಾತಿನಲ್ಲಿ ಹೇಳಿದುದನ್ನು ಈ ವರ್ತಕರು ಲೋಹದಲ್ಲಿ ಎರಕಹೊಯ್ದು ಸುಂಕದ ಮನೆಯ ನೆತ್ತಿಯ ಮೇಲೆಯೇ ನಿಲ್ಲಿಸಿಕೊಂಡಿದ್ದರು. ೧೭೯೭ರಲ್ಲಿ ನೆಪೋಲಿಯನ್ನನು ಬಂದಾಗ ಅವರ ಗಣರಾಜ್ಯವು ಅಳಿಯಿತು. ದೇವತೆಯು ಇಂದಿಗೂ ತಿರುಗುತ್ತಲೇ ಇದ್ದಾಳೆ.

ಮಲೆನಾಡಿನವನಾದ ನನಗೆ ಅಲ್ಲಿ ನಿಂತಾಗ ಮೆಣಸಿನ ನೆನಪಾಗದೆ ಹೋಗಲಿಲ್ಲ. ನಮ್ಮ ಘಟ್ಟದ ಬಳ್ಳಿಯ ಮೆಣಸು ಪಶ್ಚಿಮದ ಬಂದರುಗಳಲ್ಲಿ ಹಡಗನ್ನೇರಿ, ಅರಬರ ಕೈದಾಟಿ, ಅಲೆಕ್ಸಾಂಡ್ರಿಯದಲ್ಲಿ ವೆನಿಸಿನ ವರ್ತಕರಿಗೆ ಸೇರುತ್ತಿತ್ತು. ಅದಕ್ಕೆ ಬದಲಾಗಿ ಬಂದ ಅವರ ಡುಕಾಟ್ ಎಂಬ ಚಿನ್ನದ ನಾಣ್ಯವೇ ದಖ್ಖಣದಲ್ಲಿ ಪುತ್ಥಳಿಯೆನಿಸಿತು. ಅದರ ಮೇಲಿನ ಮನುಷ್ಯಾಕೃತಿಗಳೇ ಹೆಸರಿಗೆ ಕಾರಣ. ನನ್ನ ಅಜ್ಜಿಯ ಪುತ್ಥಳಿ ಸರದ ಬಿಲ್ಲೆಗಳನ್ನು ಎಷ್ಟೋ ಸಲ ಎಣಿಸಿದ್ದೆನಾದರೂ ಅವುಗಳ ರೂಪವು ಎಲ್ಲಿಂದ ಬಂದುದೆಂಬುದನ್ನು ವಿಚಾರಿಸಿರಲಿಲ್ಲ. ೧೪೯೮ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದ ಮೇಲೆ ಮೆಣಸಿನ ದಾರಿಯು ಮೆಲ್ಲಮೆಲ್ಲನೆ ಬೇರೆಯಾಯಿತು. ಆದುದರಿಂದ ಈ ಭವ್ಯವಾದ ಮುಂಭಾಗವನ್ನು ಕಟ್ಟುವಷ್ಟರಲ್ಲಿ ಅವರ ವ್ಯಾಪಾರದ ಉಚ್ಛ್ರಾಯಕಾಲವು ಮುಗಿದೇ ಹೋಗಿತ್ತು. ಸಂಪತ್ತು ಇಳಿದ ಮೇಲೆಯೇ ಮನೆಯ ಮುಂಬಾಗಿಲಿಗೆ ಹೆಚ್ಚು ಬಣ್ಣ ಬಳಿಯುವವರನ್ನು ನಮ್ಮ ಊರಿನಲ್ಲಿಯೂ ಕಂಡಿದ್ದೇನೆ.

ಬಹುಕಾಲ ಹಾಳುಬಿದ್ದಿದ್ದ ಈ ಕಟ್ಟಡವನ್ನು ಫ್ರಾನ್ಸ್ ದೇಶದ ಧನಿಕನಾದ ಫ್ರಾಂಸ್ವಾ ಪಿನೋ ಎಂಬವನು ನಗರಸಭೆಯಿಂದ ವಹಿಸಿಕೊಂಡು, ಜಪಾನಿನ ವಾಸ್ತುಶಿಲ್ಪಿ ತಾದಾವೊ ಆಂಡೊ ಅವರ ಕೈಯಿಂದ ಜೀರ್ಣೋದ್ಧಾರ ಮಾಡಿಸಿ, ೨೦೦೯ರಲ್ಲಿ ಸಮಕಾಲೀನ ಕಲೆಯ ಸಂಗ್ರಹಾಲಯವಾಗಿ ತೆರೆದನು. ಜೀರ್ಣೋದ್ಧಾರವೆಂದರೆ ಹಳೆಯ ಕಂಬಕ್ಕೆ ಎಣ್ಣೆಬಣ್ಣ ಬಳಿಯುವುದೆಂದು ತಿಳಿದಿರುವ ನಮ್ಮ ಧರ್ಮದರ್ಶಿಗಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕು. ಸರಕನ್ನು ತುಂಬುತ್ತಿದ್ದ ಉದ್ದುದ್ದನೆಯ ಕೋಠಿಗಳು ಒಂದರ ಪಕ್ಕದಲ್ಲೊಂದು ಹಾಗೆಯೇ ಇವೆ. ಗಾರೆಯನ್ನು ಕೆರೆದು ತೆಗೆದ ಕೆಂಪು ಇಟ್ಟಿಗೆಯ ಗೋಡೆಗಳು, ಮೇಲೆ ಮರದ ತೊಲೆಗಳು. ಹೊಸ ಇಟ್ಟಿಗೆಯನ್ನು ಇಟ್ಟಲ್ಲಿ ಅದು ಹೊಸದೆಂಬುದನ್ನು ಮುಚ್ಚಿಲ್ಲ. ನಟ್ಟನಡುವೆ ಮಾತ್ರ ಆಂಡೊ ಅವರು ಕಾಂಕ್ರೀಟಿನ ಚೌಕವೊಂದನ್ನು ನಿಲ್ಲಿಸಿದ್ದಾರೆ. ಅದರ ಮೈಯನ್ನು ಮುಟ್ಟಿ ನೋಡಿದೆನು. ಕಡಪದ ಕಲ್ಲಿನಂತೆ ನುಣುಪಾಗಿತ್ತು. ಕಾವಲಿನವನು ಬೆರಳೆತ್ತಿ ಗದರಿಸಿದನು.

ಇನ್ನು ಶಿಲ್ಪಗಳ ಮಾತು. ಆ ವರ್ಷ ಅಲ್ಲಿ ಡೇಮಿಯನ್ ಹರ್ಸ್ಟ್ ಎಂಬ ಆಂಗ್ಲ ಕಲಾವಿದನ ಪ್ರದರ್ಶನವಿತ್ತು; ಏಪ್ರಿಲಿನಲ್ಲಿ ತೊಡಗಿ ಡಿಸೆಂಬರಿನಲ್ಲಿ ಮುಗಿಯಿತು. ಫಲಕಗಳನ್ನು ಮಗಳು ಓದಿ ಹೇಳಿದಳು. ಒಂದನೆಯ ಎರಡನೆಯ ಶತಮಾನಗಳ ಸಂಧಿಯಲ್ಲಿ ಅಂತಿಯೋಕ್ ಪಟ್ಟಣದಲ್ಲಿ ಸಿಫ್ ಅಮೊಟಾನ್ ಎಂಬವನೊಬ್ಬನು ದಾಸ್ಯದಿಂದ ಬಿಡುಗಡೆ ಹೊಂದಿ ಅಪಾರ ಧನವನ್ನು ಗಳಿಸಿ ಸರ್ವದೇಶದ ಶಿಲ್ಪಗಳನ್ನು ಕೂಡಿಹಾಕಿದನು. ಅವುಗಳನ್ನು ಹೇರಿಕೊಂಡು ಹೊರಟ ‘ಅಪಿಸ್ಟೋಸ್’ ಎಂಬ ಹಡಗು ಮುಳುಗಿತು. ೨೦೦೮ರಲ್ಲಿ ಪೂರ್ವ ಆಫ್ರಿಕದ ತೀರದಾಚೆ ಆ ನಿಧಿಯು ದೊರೆಯಿತು ಎಂದು ಕಥೆ. ಮುಳುಗುಗಾರರು ವಿಗ್ರಹಗಳನ್ನು ಎತ್ತುವ ಚಲಚ್ಚಿತ್ರವನ್ನೂ ತೋರಿಸುತ್ತಿದ್ದರು. ವಿಗ್ರಹಗಳ ಮೈಮೇಲೆ ಬಣ್ಣಬಣ್ಣದ ಹವಳಗಳೂ ಚಿಪ್ಪುಗಳೂ ಕಚ್ಚಿಕೊಂಡಿದ್ದವು.

ಒಂದು ಕೋಠಿಯಲ್ಲಿ ನನ್ನ ಕಾಲು ನಿಂತಿತು. ಹಲವು ಕೈಗಳಲ್ಲಿ ಕತ್ತಿ ಹಿಡಿದ ಸ್ತ್ರೀಯೊಬ್ಬಳು ಹಲವು ಹೆಡೆಯ ಸರ್ಪದೊಡನೆ ಸೆಣಸುತ್ತಿದ್ದಾಳೆ. ಸರ್ಪವು ಯವನರ ಪುರಾಣದ ಹೈಡ್ರಾ. ಸ್ತ್ರೀಯು ಯಾರೆಂದು ಕೇಳಿದರೆ, ಮಗಳು ಫಲಕವನ್ನು ನೋಡಿ “ಕಾಳಿ” ಎಂದಳು.

ನನ್ನ ಆನಂದವನ್ನು ಏನೆಂದು ಹೇಳಲಿ! ಅಲ್ಲಿಯೇ ನಿಂತು ಅವಳಿಗೆ ಅರ್ಧ ಗಂಟೆಯ ಉಪನ್ಯಾಸವನ್ನು ಕೊಟ್ಟೆನು. ರೋಮಿನವರಿಗೂ ನಮಗೂ ಇದ್ದ ವ್ಯಾಪಾರ, ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಸಿಕ್ಕಿದ ರೋಮನ್ ಬೆಳ್ಳಿಯ ನಾಣ್ಯಗಳು, ಕ್ರಿ. ಶ. ೭೯ರಲ್ಲಿ ಬೂದಿಯಲ್ಲಿ ಹೂತುಹೋದ ಪಾಂಪೆಯಲ್ಲಿ ೧೯೩೮ರಲ್ಲಿ ದೊರೆತ ಭಾರತದ ದಂತದ ಸ್ತ್ರೀವಿಗ್ರಹ, ಒಂದನ್ನೂ ಬಿಡಲಿಲ್ಲ. ಅಷ್ಟು ಹಿಂದಿನ ಕಾಲದಲ್ಲಿ ಕಾಳಿಗೆ ಇಂತಹ ರೂಪವಿತ್ತೇ ಎಂಬ ಸಂಶಯವು ಒಳಗಿನಿಂದ ಒಮ್ಮೆ ತಲೆಯೆತ್ತಿತು. ಅಂಗವಿನ್ಯಾಸವು ನಮ್ಮ ಧ್ಯಾನಶ್ಲೋಕಗಳಾವುದಕ್ಕೂ ಹೊಂದುತ್ತಿರಲಿಲ್ಲ. ಆದರೆ ಯವನಶಿಲ್ಪಿಯು ಕೇಳಿ ಮಾಡಿದುದಿರಬೇಕೆಂದು ಸಮಾಧಾನವನ್ನೂ ನಾನೇ ಹೇಳಿಕೊಂಡೆನು. ಮಗಳು ಒಂದು ಮಾತನ್ನೂ ಆಡದೆ ಕೇಳಿದಳು.

ಇನ್ನೂ ಕೆಲವು ಕೋಠಿಗಳನ್ನು ದಾಟಿದೆವು. ಅಲ್ಲಿ ಹವಳಮಯವಾದ ಇನ್ನೊಂದು ಕಂಚಿನ ವಿಗ್ರಹ. ದೊಡ್ಡ ತಲೆ, ಅಗಲವಾದ ದುಂಡು ಕಿವಿಗಳು. ಗಣೇಶನ ವಾಹನವಿರಬಹುದೇ ಎಂದುಕೊಂಡು ಸಮೀಪಕ್ಕೆ ಹೋದೆನು. ಪಕ್ಕದಲ್ಲಿದ್ದ ಐದಾರು ವರ್ಷದ ಹುಡುಗನು ಕೈಚಾಚಿ ಗಟ್ಟಿಯಾಗಿ ಅದರ ಹೆಸರನ್ನು ಕೂಗಿದನು: “ಮಿಕ್ಕಿ!” ಅಮೆರಿಕದವರ ಬೊಂಬೆಯಾಟದ ಇಲಿ!

ನಾನು ತಿರುಗಿ ನೋಡಿದೆನು. ಮಗಳ ಕಣ್ಣಿನಲ್ಲಿ ನೀರು ಬರುವಷ್ಟು ನಗು ತುಂಬಿತ್ತು. ಸಂಗ್ರಹಾಲಯದ ಚೀಟಿಯ ಹಿಂದೆ ಆ ದಾಸನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಹೆಸರಿನ ಕೊನೆಯ ರೋಮನ್ ಎರಡರ ಗೀಟುಗಳನ್ನೂ ಅಕ್ಷರಗಳೆಂದೆಣಿಸಿ, ಹಿಂದುಮುಂದು ಮಾಡಿ ಜೋಡಿಸಿ ತೋರಿಸಿದಳು. ‘ನಾನೊಂದು ಕಟ್ಟುಕಥೆ’ ಎಂದಾಯಿತು. ಹಡಗಿನ ಹೆಸರಾದರೋ ಗ್ರೀಕಿನಲ್ಲಿ ‘ನಂಬಲಾಗದುದು’ ಎಂದಂತೆ. ಕಥೆ, ಹಡಗು, ದಾಸ, ನಿಧಿ, ಕಾಳಿ ಎಲ್ಲವೂ ಆ ಕಲಾವಿದನು ಈಚಿನ ವರ್ಷಗಳಲ್ಲಿ ಮಾಡಿಸಿದವು. ಚಿತ್ರಬಂಧಗಳನ್ನೂ ಪ್ರಹೇಲಿಕೆಗಳನ್ನೂ ಬಿಡಿಸುವುದರಲ್ಲಿ ಪಾಠಶಾಲೆಯಲ್ಲಿ ಬಹುಮಾನ ಪಡೆದ ನಾನು, ಎದುರಿಗೆ ಬರೆದಿಟ್ಟ ಪ್ರಹೇಲಿಕೆಯಲ್ಲಿ ಬಿದ್ದೆನು.

ಕೋಪ ಬಂದಿತು. “ಮೊದಲೇ ಹೇಳಬಾರದಾಗಿತ್ತೇ?” ಎಂದೆನು.

“ಹೇಳಿದ್ದರೆ ನೀವು ನೋಡುತ್ತಿರಲಿಲ್ಲ ಅಪ್ಪಯ್ಯಾ, ಖಂಡಿಸುತ್ತಿದ್ದಿರಿ” ಎಂದಳು.

ಹೌದು. ನಾನು ಮೋಸಹೋದುದಕ್ಕೆ ಮುಖ್ಯ ಕಾರಣವು ಆ ಮನೆಯೇ ಎಂದು ಈಗ ನನಗೆ ತೋರುತ್ತದೆ. ಇಟ್ಟಿಗೆ ನಿಜ, ತೊಲೆ ನಿಜ, ಕಿಟಕಿಯಾಚೆಯ ನೀರು ನಿಜ. ನೂರಾರು ವರ್ಷ ಹಡಗಿನ ಸರಕು ಇಳಿದ ನೆಲದಲ್ಲಿ ಹಡಗಿನ ಸರಕೆಂದು ತೋರಿಸಿದರೆ ಯಾರು ಸಂಶಯಪಡುವರು? ಅದೇ ಕಂಚನ್ನು ಹೊಸ ಸಿಮೆಂಟಿನ ಸಭಾಂಗಣದಲ್ಲಿ ಇಟ್ಟಿದ್ದರೆ ಮೊದಲ ನೋಟಕ್ಕೇ ಗುಟ್ಟು ರಟ್ಟಾಗುತ್ತಿತ್ತು.

ಕಾಳಿಯ ಬಳಿಗೆ ಹಿಂದಿರುಗಿದೆನು. ನಮ್ಮ ಶ್ರೀಶಂಕುಕನ ಚಿತ್ರತುರಗನ್ಯಾಯವನ್ನು ವಾಚಕರಲ್ಲಿ ಅನೇಕರು ಬಲ್ಲರು. ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುತ್ತೇವಷ್ಟೆ. ಆ ಅರಿವು ಯಥಾರ್ಥವಲ್ಲ, ಅದನ್ನೇರಿ ಸವಾರಿ ಮಾಡಲಾಗದು. ಮಿಥ್ಯೆಯೂ ಅಲ್ಲ, ಯಾರೂ ಮೋಸಹೋಗಿಲ್ಲ. ಸಂಶಯವಲ್ಲ, ‘ಕುದುರೆಯ ಹಾಗಿದೆ’ ಎಂಬ ಸಾದೃಶ್ಯಬುದ್ಧಿಯೂ ಅಲ್ಲ. ಈ ನಾಲ್ಕಕ್ಕೂ ಹೊರಗಾದ ಬೇರೊಂದು ಅರಿವು. ನಟನಲ್ಲಿ ರಾಮನನ್ನು ಕಾಣುವುದು ಹೀಗೆ ಎಂದು ಅವನ ಮತ. ಅಭಿನವಗುಪ್ತನು ಇದನ್ನು ಒಪ್ಪಲಿಲ್ಲವೆಂಬುದು ಬೇರೆ ಮಾತು. ಭಾನುವಾರಗಳಂದು ಮನೆಗೆ ಬರುತ್ತಿದ್ದ ವಿದ್ಯಾರ್ಥಿಗಳಿಗೆ ಈ ಪಂಕ್ತಿಯನ್ನು ಎಷ್ಟು ಸಲ ಪಾಠ ಹೇಳಿದ್ದೆನೋ ಲೆಕ್ಕವಿಲ್ಲ. ಚಿತ್ರದ ಕುದುರೆಯ ಮುಂದೆ ಒಮ್ಮೆಯೂ ನಿಂತಿರಲಿಲ್ಲ. ಈ ಸಲ ಪ್ರಾಚೀನವೆಂಬ ಭ್ರಾಂತಿಯಿಲ್ಲದೆ ಆ ಕಾಳಿಯನ್ನು ನೋಡಿದೆನು. ಎತ್ತಿದ ತೋಳುಗಳ ಬಿಗಿತ, ಸುತ್ತಿಬಂದ ಹೆಡೆಗಳು ಆಗ ಕಣ್ಣಿಗೆ ಬಿದ್ದವು. ಮೊದಲು ಅರ್ಧ ಗಂಟೆ ನಿಂತಿದ್ದಾಗ ನಾನು ನೋಡಿಕೊಂಡುದು ನನ್ನ ಪಾಂಡಿತ್ಯವನ್ನು. ಪ್ರದರ್ಶನದಲ್ಲಿ ಬಹುಭಾಗವು ನನಗೆ ರುಚಿಸಲಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಚಿನ್ನ ಕಂಚುಗಳ ಆಡಂಬರವು ಅತಿಯಾಗಿತ್ತು, ಹಣದ ಸದ್ದು ಶಿಲ್ಪದ ಸದ್ದನ್ನು ಮೀರಿತ್ತು. ಆ ಕಾಳಿಯೊಬ್ಬಳನ್ನು ಮಾತ್ರ ಮರೆಯಲಾರೆನು.

ಹೊರಗೆ ಬಂದು ಮೊನೆಯ ತುದಿಯಲ್ಲಿ ಕುಳಿತೆವು. ಅಲ್ಲಿ ಹಳೆಯ ಮಾದರಿಯ ದೀಪದ ಕಂಬವೊಂದಿದೆ. ಸಂಗ್ರಹಾಲಯವು ತೆರೆದಾಗ ಕಂಬದ ಸ್ಥಳದಲ್ಲಿ ಅಮೆರಿಕದ ಚಾರ್ಲ್ಸ್ ರೇ ಎಂಬ ಶಿಲ್ಪಿಯ, ಕಪ್ಪೆಯನ್ನು ಹಿಡಿದೆತ್ತಿದ ಬಿಳಿಯ ಬಾಲಕನ ವಿಗ್ರಹವನ್ನು ನಿಲ್ಲಿಸಿದ್ದರಂತೆ. ತಮ್ಮ ದೀಪವೇ ಬೇಕೆಂದು ಊರಿನವರು ಹಂಬಲಿಸಿದರು. ೨೦೧೩ರಲ್ಲಿ ಬಾಲಕನು ಹೋಗಿ ದೀಪವು ಬಂದಿತು. ನನಗೆ ಆ ಬಾಲಕನನ್ನು ನೋಡಬೇಕೆನಿಸಿತು.

ನೀರು ಮೆಟ್ಟಿಲಿಗೆ ಬಡಿಯುತ್ತಿತ್ತು. ಹದಿಮೂರು ವರ್ಷಗಳಿಂದ ಎದೆಯಲ್ಲಿದ್ದ ಮಾತನ್ನು ಅಲ್ಲಿ ಆಡಿದೆನು. ೨೦೦೪ರಲ್ಲಿ ಈ ಹುಡುಗಿ ಚಿತ್ರಕಲೆಯ ಶಾಲೆಗೆ ಸೇರುತ್ತೇನೆಂದು ಕೇಳಿದಾಗ, “ಮಮ್ಮಟನೇ ಚಿತ್ರವನ್ನು ಕೊನೆಗೆ ಇಟ್ಟಿದ್ದಾನೆ, ಅದು ಅವರ” ಎಂದು ಶ್ಲೇಷೆಮಾಡಿ ನಾಲ್ಕು ಜನರ ಮುಂದೆ ನಗಿಸಿದ್ದೆನು. ಮಮ್ಮಟನು ಹೇಳಿದುದು ವ್ಯಂಗ್ಯವಿಲ್ಲದ ಕಾವ್ಯದ ಮಾತು, ಬಣ್ಣದ ಮಾತಲ್ಲವೆಂಬುದು ನನಗೆ ಗೊತ್ತಿದ್ದಿತು. ಹದಿನೇಳು ವರ್ಷದವಳಿಗೆ ಗೊತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಈಗ ಬರೆಯುತ್ತಿರಲಿಲ್ಲ.

“ಆ ಶಾಲೆಯ ಅರ್ಜಿಯ ಫಾರಂ ಅಂಚೆಯಲ್ಲಿ ಬಂದಿತ್ತು, ತಾಯಿ. ಕಡೆಯ ದಿನ ಕಳೆಯುವವರೆಗೆ ನಾನೇ ಪಂಚಾಂಗದೊಳಗೆ ಇಟ್ಟುಬಿಟ್ಟಿದ್ದೆ” ಎಂದೆನು.

“ಗೊತ್ತು ಅಪ್ಪಯ್ಯಾ. ಯುಗಾದಿಗೆ ಹಳೆಯ ಪಂಚಾಂಗವನ್ನು ಅಟ್ಟಕ್ಕೆ ಹಾಕುವಾಗ ಕೆಳಗೆ ಬಿದ್ದಿತು. ತಿರುಗಿ ಅದರಲ್ಲೇ ಇಟ್ಟೆ.”

“ನನ್ನನ್ನು ಕೇಳಲಿಲ್ಲವೇಕೆ?”

“ಏನೆಂದು ಕೇಳಲಿ? ಆಗಲೇ ಇಂಜಿನಿಯರಿಂಗ್ ಸೇರಿ ಎಂಟು ತಿಂಗಳಾಗಿತ್ತು.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕ್ಷಮೆಯಿತ್ತೆಂದೂ ನಾನು ಹೇಳಲಾರೆನು. ಸ್ವಲ್ಪ ಹೊತ್ತಿನ ಮೇಲೆ ಚೀಲದಿಂದ ಸಣ್ಣ ಪುಸ್ತಕವನ್ನು ತೆಗೆದು, ತಲೆಯೆತ್ತಿ ನೋಡುತ್ತ, ಗೋಪುರದ ಮೇಲಿನ ಭಾಗ್ಯದೇವತೆಯನ್ನು ಬರೆಯತೊಡಗಿದಳು. ಭಾನುವಾರಗಳಲ್ಲಿ ಹೀಗೆ ಎಲ್ಲಿಯಾದರೂ ಕುಳಿತು ಬರೆಯುತ್ತಾಳಂತೆ, ನನಗೆ ತಿಳಿದಿರಲಿಲ್ಲ. ಇಂತಹ ಪುಸ್ತಕಗಳು ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಇವೆಯೆಂದಳು. ನಾನು ಬಾಯಿ ತೆರೆಯದೆ ಪಕ್ಕದಲ್ಲಿ ಕುಳಿತು ನೋಡಿದೆನು. ಗೋಳವು ಬಂದಿತು, ಹೊತ್ತವರ ಬಾಗಿದ ಬೆನ್ನು ಬಂದಿತು. ಆದರೆ ದೇವತೆಯ ಮುಖವು ಕಾಗದದ ಮೇಲೆ ಎಡಕ್ಕಿತ್ತು. ಮೇಲೆ ನೋಡಿದರೆ ಬಲಕ್ಕಿತ್ತು. ಮೇಷ್ಟರ ಸ್ವಭಾವ ಎಲ್ಲಿಗೆ ಹೋದೀತು? ತಪ್ಪನ್ನು ತೋರಿಸಿದೆನು.

“ನಾನು ಶುರುಮಾಡಿದಾಗ ಆ ಕಡೆಗೇ ಇದ್ದಳು ಅಪ್ಪಯ್ಯಾ. ಗಾಳಿ ತಿರುಗಿತು” ಎಂದಳು.